ಬಾಣದ ಗುರುತು ಯಾರದು?

ಮಳವಳ್ಳಿ ಪೇಟೆಯ ರೇಡಿಯಂ ಅಂಗಡಿಯವನಿಗೆ ಅದು ಹತ್ತು ನಿಮಿಷದ ಕೆಲಸ. ಹೊಸ ಸ್ಕೂಟರಿನ ಜೊತೆ ಕಂಪನಿಯಿಂದ ಬಂದಿದ್ದ ನಂಬರ್ ಪ್ಲೇಟನ್ನು ಇಕ್ಕಳದಿಂದ ಮೀಟಿ ತೆಗೆದ. ಅದರ ಜಾಗಕ್ಕೆ ಕಪ್ಪು ಹಲಗೆ ಕೂರಿಸಿದ. ಕೆಎ-11ರ ಮೇಲೆ ಕೆಂಪು ಅಕ್ಷರದಲ್ಲಿ 'ಆರ್ಮಿ' ಎಂದು ಅಂಟಿಸಿ, ಗಿರಾಕಿ ಕೇಳಿದ್ದಕ್ಕೆ ಎಡಬದಿಯಲ್ಲಿ ಮೇಲ್ಮುಖವಾದ ಒಂದು ಬಾಣವನ್ನೂ ಕತ್ತರಿಸಿ ಮೆತ್ತಿದ. ಗಿರಾಕಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಲೈಸೆನ್ಸ್ ಕೈಗೆ ಬಂದು ಒಂದು ವಾರ. ಮಂಡ್ಯದಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗ.

ಸಂಜೆ ಸ್ಕೂಟರು ಊರಿಗೆ ಬಂತು. ಜಗಲಿಯ ಮೇಲೆ ಕೂತಿದ್ದ ತಾತ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಏನೂ ಮಾತಾಡದೆ ಒಳಗೆ ಹೋದರು. ಕ್ಷೌರದ ಬ್ಲೇಡು ತಂದು, ಕುಕ್ಕರುಗಾಲಲ್ಲಿ ಕೂತು, ಮೊದಲು ಬಾಣವನ್ನು, ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಎಬ್ಬಿಸಿದರು. ಅಷ್ಟೂ ಹೊತ್ತು ಹುಡುಗ ಪಕ್ಕದಲ್ಲೇ ನಿಂತಿದ್ದನಂತೆ.

ಈ ತಾತ ನನಗೆ ದೂರದ ಸಂಬಂಧದಲ್ಲಿ ಮಾವ. ಬೆಂಗಳೂರಿನ ಎಎಸ್‌ಸಿ ಕೇಂದ್ರದಲ್ಲಿ, ಅಂದರೆ ಸೇನೆಗೆ ದವಸ ಧಾನ್ಯ, ಪೆಟ್ರೋಲು ಸಾಗಿಸುವ ಆರ್ಮಿ ಸರ್ವೀಸ್ ಕೋರ್‌ನಲ್ಲಿ, ಡ್ರೈವರಾಗಿ ಸೇರಿ ಶಕ್ತಿಮಾನ್ ಲಾರಿ ಓಡಿಸಿದವರು. 1971ರ ಯುದ್ಧದ ಕಾಲಕ್ಕೆ ಮೀಸೆ ಚಿಗುರಿದ್ದ ಸಿಪಾಯಿ. ಮೊಮ್ಮಗನಿಗೆ ತಾತನ ಮೇಲೆ ಅಭಿಮಾನ. ಆ ಅಭಿಮಾನವನ್ನೇ ಅವನು ಸ್ಕೂಟರಿಗೆ ಅಂಟಿಸಿಕೊಂಡು ಬಂದಿದ್ದ. ಅದರಲ್ಲಿ ತಪ್ಪೇನು ಎನ್ನುವುದು ಅವನ ಪ್ರಶ್ನೆ. ಹುಡುಗನಿಗೆ ಅರ್ಥ ಮಾಡಿಸಿ ಎಂದು ಅವನ ಅಪ್ಪ ನನಗೆ ಹೇಳಿದರು. ಅರ್ಥ ಮಾಡಿಸಲು ಹೊರಟಾಗಲೇ ನನಗೂ ಪೂರ್ತಿ ಗೊತ್ತಿಲ್ಲ ಎಂಬುದು ಗೊತ್ತಾಗಿದ್ದು.

ಮಂಡ್ಯ, ಮದ್ದೂರು, ಮಳವಳ್ಳಿ ರಸ್ತೆಗಳಲ್ಲಿ ಅರ್ಧ ಗಂಟೆ ನಿಂತರೆ ಸಾಕು. 'ಆರ್ಮಿ', 'ಮಾಜಿ ಸೈನಿಕ', 'ಪೊಲೀಸ್', 'ಪ್ರೆಸ್', 'ಅಡ್ವೊಕೇಟ್', 'ರೈತನ ಮಗ', ನೆಚ್ಚಿನ ನಟನ ಮುಖ, ಕುಲದೇವರ ಹೆಸರು ಎಲ್ಲ ನಂಬರ್ ಪ್ಲೇಟಿನ ಮೇಲೆಯೇ ಕಾಣುತ್ತವೆ. ಎಷ್ಟೋ ವೇಳೆ ನಂಬರಿಗೇ ಜಾಗ ಸಾಲದೆ ಅದು ಮೂಲೆಗೆ ಸರಿದಿರುತ್ತದೆ. ಉಳಿದವರ ವಿಷಯ ಈಗ ಬೇಡ. ಸೈನಿಕರದ್ದನ್ನು ಮಾತ್ರ ನೋಡೋಣ. ದೇಶಕ್ಕಾಗಿ ದುಡಿದವರ ಗಾಡಿಗೆ ಬೇರೆಯದೇ ಫಲಕ ಇರಬೇಕೆ? ಇದೆಯೆ?

ನಮ್ಮಲ್ಲಿ ಇಲ್ಲ. ನಿವೃತ್ತ ಸೈನಿಕರಿಗಾಗಲೀ, ಯುದ್ಧದಲ್ಲಿ ಶತ್ರುವಿನ ಕೈಗೆ ಸಿಕ್ಕು ಸೆರೆಯಲ್ಲಿದ್ದು ಬಂದವರಿಗಾಗಲೀ, ಪರಮವೀರ ಚಕ್ರ ಪಡೆದವರಿಗಾಗಲೀ ಭಾರತದಲ್ಲಿ ಪ್ರತ್ಯೇಕ ನಂಬರ್ ಪ್ಲೇಟ್ ಕೊಡುವ ಪದ್ಧತಿಯಿಲ್ಲ.

ಆದರೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಕಡೆಯವರು ಇದ್ದರೆ ಕೇಳಿ ನೋಡಿ. ಅಲ್ಲಿ ವಾಹನ ನೋಂದಣಿ ಆಯಾ ರಾಜ್ಯಗಳದ್ದು. ನಿವೃತ್ತ ಯೋಧರಿಗೆ, ಯುದ್ಧದಲ್ಲಿ ಅಂಗವಿಕಲರಾದವರಿಗೆ, ಗಾಯಗೊಂಡು 'ಪರ್ಪಲ್ ಹಾರ್ಟ್' ಪದಕ ಪಡೆದವರಿಗೆ, ಮಾಜಿ ಯುದ್ಧಕೈದಿಗಳಿಗೆ ಬೇರೆ ಬೇರೆ ಫಲಕಗಳನ್ನು ಅವು ಕೊಡುತ್ತವೆ. ಸೇವೆಯಿಂದ ಬಿಡುಗಡೆಯಾದಾಗ ಸಿಕ್ಕ ಪತ್ರ ತೋರಿಸಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಯುದ್ಧಕೈದಿಯಾಗಿದ್ದವರ ಒಂದು ವಾಹನಕ್ಕೆ ನೋಂದಣಿ ಶುಲ್ಕವೂ ಇಲ್ಲ. ಅಂಗಡಿ ಮುಂದೆ ಕಾರು ನಿಲ್ಲಿಸಿದ ಮುದುಕರೊಬ್ಬರ ಫಲಕ ನೋಡಿ ಅಪರಿಚಿತರು ಬಂದು ಕೈಕುಲುಕಿ ಹೋಗುವುದು ಅಲ್ಲಿ ವಿಶೇಷವಲ್ಲ. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು. "ನೋಡಿ, ಅಲ್ಲಿ ಐತೆ. ಇಲ್ಯಾಕಿಲ್ಲ?" ಎಂದ. ಪ್ರಶ್ನೆ ನ್ಯಾಯವಾದದ್ದೇ.

ಫಲಕದ ಭಾಷೆ

ಮೊದಲು ಬಾಣದ ಕಥೆ. ಬೆಂಗಳೂರಿನಲ್ಲಿ ಎಎಸ್‌ಸಿ ಕೇಂದ್ರದ ಕಡೆಗೋ ಹಲಸೂರಿನ ಎಂಇಜಿ ಕೇಂದ್ರದ ಕಡೆಗೋ ಹೋದರೆ ಹಸಿರು ಬಣ್ಣದ ಲಾರಿ, ಜೀಪುಗಳ ಮೇಲೆ ಈ ಬಾಣ ಕಾಣುತ್ತದೆ. ನಮ್ಮ ನಿಮ್ಮ ಗಾಡಿಯ ಹಾಗೆ ಇವು ಆರ್‌ಟಿಓ ಕಚೇರಿಯಲ್ಲಿ ನೋಂದಣಿಯಾಗುವುದಿಲ್ಲ. ರಕ್ಷಣಾ ಕೆಲಸಕ್ಕೆ ಬಳಸುವ ಕೇಂದ್ರ ಸರ್ಕಾರದ ವಾಹನಗಳನ್ನು ಬೇರೆ ಪ್ರಾಧಿಕಾರವೇ ನೋಂದಾಯಿಸಿಕೊಳ್ಳಬಹುದು ಎಂದು 1988ರ ಮೋಟಾರು ವಾಹನ ಕಾಯಿದೆಯ 60ನೇ ಕಲಮು ಹೇಳುತ್ತದೆ. ಆದ್ದರಿಂದ ಅವುಗಳಿಗೆ ನಂಬರು ಕೊಡುವುದು ರಕ್ಷಣಾ ಸಚಿವಾಲಯ. ಬಾಣದ ನಂತರ ಬರುವ ಎರಡು ಅಂಕಿ ಗಾಡಿಯನ್ನು ಸೇನೆ ಕೊಂಡ ವರ್ಷ. ಆಮೇಲೆ ಒಂದು ಸಂಕೇತಾಕ್ಷರ, ಕ್ರಮಸಂಖ್ಯೆ, ಕೊನೆಯಲ್ಲಿ ಗಾಡಿ ಯಾವ ವರ್ಗದ್ದು ಎಂದು ತಿಳಿಸುವ ಇನ್ನೊಂದು ಅಕ್ಷರ.

ಈ ಬಾಣ ಬ್ರಿಟಿಷರಿಂದ ಬಂದದ್ದು. ಬಂದೂಕು, ಬ್ಯಾರಲು, ಹಗ್ಗ, ಡೇರೆ ಹೀಗೆ ಸರ್ಕಾರದ ಸಾಮಾನುಗಳ ಮೇಲೆ ಅವರು ಶತಮಾನಗಳಿಂದ ಒತ್ತುತ್ತಿದ್ದ ಮುದ್ರೆ ಅದು. ಕದ್ದವನು ಸಿಕ್ಕಿಬೀಳಲಿ ಎಂಬುದೇ ಉದ್ದೇಶ. ನಮ್ಮ ಹಳ್ಳಿಗಳಲ್ಲಿ ಮದುವೆ ಮನೆಗೆ ಪಾತ್ರೆ ಎರವಲು ಕೊಡುವ ಮುಂಚೆ ತಳದಲ್ಲಿ ಹೆಸರು ಕೊರೆಸುತ್ತಿದ್ದರಲ್ಲ, ಅದೇ ಲೆಕ್ಕ. ಹಾಗಾಗಿ ಬಾಣ ಎಂದರೆ 'ಇದು ಸರ್ಕಾರದ ಸ್ವತ್ತು' ಎಂದೇ ಹೊರತು 'ಇದನ್ನು ಓಡಿಸುವವನು ಶೂರ' ಎಂದಲ್ಲ. ಮಾವ ಇದನ್ನೇ ಮೊಮ್ಮಗನಿಗೆ ತಮ್ಮ ಭಾಷೆಯಲ್ಲಿ ಹೇಳಿದ್ದರು: "ಆ ಬಾಣ ನಂದಲ್ಲ ಕಣ್ಲಾ ಮಗ. ಗಾಡೀದು. ನಾನು ಗಾಡಿ ವಾಪಸ್ ಕೊಟ್ಟಾಗ್ಲೇ ಬಾಣಾನೂ ಕೊಟ್ಟು ಬಂದೆ."

ಇನ್ನು ನಮ್ಮ ಫಲಕ. 1989ರ ಜುಲೈ 1ರಂದು ಜಾರಿಗೆ ಬಂದ ಕಾಯಿದೆಯಿಂದಾಗಿ ಈಗಿನ ಪದ್ಧತಿ ಬಂತು. ಮೊದಲ ಎರಡು ಅಕ್ಷರ ರಾಜ್ಯದ್ದು, ಮುಂದಿನ ಎರಡಂಕಿ ಆರ್‌ಟಿಓ ಕಚೇರಿಯದ್ದು. 11 ಮಂಡ್ಯ, ಪಕ್ಕದ 12 ಮಡಿಕೇರಿ, 9 ಮೈಸೂರು, 42 ರಾಮನಗರ, ನಮ್ಮದೇ ಜಿಲ್ಲೆಯ ನಾಗಮಂಗಲಕ್ಕೆ 54. ಬಣ್ಣಗಳಿಗೂ ಅರ್ಥವಿದೆ. ಬಿಳಿಯ ಮೇಲೆ ಕಪ್ಪು ಎಂದರೆ ಸ್ವಂತದ್ದು. ಹಳದಿಯ ಮೇಲೆ ಕಪ್ಪು ಬಾಡಿಗೆಗೆ ಓಡುವಂಥದ್ದು. ಹಸಿರು ಹಲಗೆಯಾದರೆ ವಿದ್ಯುತ್ ವಾಹನ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸಿಕೊಳ್ಳಲು ಬಾಡಿಗೆಗೆ ಸಿಗುವ ಕಾರು. ರೇಡಿಯಂ ಅಂಗಡಿಯವನು ಕೂರಿಸಿದ ಕಪ್ಪು ಹಲಗೆಯಿಂದ ನಮ್ಮ ಹುಡುಗನ ಸ್ಕೂಟರು ಯಾವ ಜಾತಿಗೂ ಸೇರದೆ ಉಳಿದಿತ್ತು.

ಫಲಕದ ಮೇಲೆ ನೋಂದಣಿ ಸಂಖ್ಯೆ ಬಿಟ್ಟು ಬೇರೇನೂ ಇರಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮಗಳು ಅಕ್ಷರದ ಎತ್ತರ, ದಪ್ಪ, ನಡುವಿನ ಅಂತರ ಎಲ್ಲವನ್ನೂ ಮಿಲಿಮೀಟರಿನಲ್ಲಿ ಹೇಳುತ್ತವೆ. ಅಕ್ಷರ ಇಂಗ್ಲಿಷಿನಲ್ಲೇ ಇರಬೇಕು ಎನ್ನುವುದೂ ನಿಯಮವೇ. ಕನ್ನಡ ಅಂಕಿಗಳಲ್ಲಿ ನಂಬರು ಬರೆಸಿಕೊಂಡ ಮಂಡ್ಯದ ಕನ್ನಡಾಭಿಮಾನಿಗಳಿಗೆ ಇದು ಹಿಡಿಸದ ಮಾತು. ನನಗೂ ಹಿಡಿಸುವುದಿಲ್ಲ, ಆದರೆ ಕಾನೂನು ಸದ್ಯಕ್ಕೆ ಹಾಗಿದೆ.

ಹುಡುಗ ಮಾಡಿದ ದೊಡ್ಡ ಎಡವಟ್ಟು ಇನ್ನೊಂದಿತ್ತು. ಅಂಗಡಿಯವನು ಮೀಟಿ ತೆಗೆದದ್ದು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಇದು ಕಡ್ಡಾಯ. ಅದಕ್ಕೂ ಹಿಂದಿನ ವಾಹನಗಳಿಗೆ ಹಾಕಿಸಬೇಕೆಂದು ಕರ್ನಾಟಕದಲ್ಲಿ 2023ರಲ್ಲಿ ಆದೇಶವಾಗಿ, ಗಡುವು ಮತ್ತೆ ಮತ್ತೆ ಮುಂದೆ ಹೋದದ್ದು ನಿಮಗೆ ನೆನಪಿರಬಹುದು. ಅಲ್ಯೂಮಿನಿಯಂ ಹಲಗೆಯ ಮೇಲೆ ಅಶೋಕ ಚಕ್ರದ ಹಾಲೊಗ್ರಾಂ, ಲೇಸರಿನಿಂದ ಕೊರೆದ ಗುರುತು ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಬೀಗ ಇದರಲ್ಲಿರುತ್ತವೆ. ಮುರಿದ ಬೀಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಹಣ, ಮತ್ತೆ ಕಾಯುವುದು. ಆ ಖರ್ಚನ್ನು ಅಪ್ಪ ಕೊಡಲಿಲ್ಲ. ಹುಡುಗ ದೀಪಾವಳಿಗೆಂದು ಕೂಡಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು.

ಈ ಹುಡುಗನಿಗಾದರೂ ಲೈಸೆನ್ಸ್ ಇತ್ತು. ನಮ್ಮ ಕಡೆ ಹದಿನಾರು, ಹದಿನೇಳರ ಮಕ್ಕಳು ಅಪ್ಪನ ಬೈಕಿನಲ್ಲಿ ಟ್ಯೂಷನ್ನಿಗೆ ಹೋಗುವುದು ಸಾಮಾನ್ಯ. 'ಆರ್ಮಿ' ಎಂದಿದ್ದರೆ ಪೊಲೀಸರು ತಡೆಯುವುದಿಲ್ಲ ಎಂಬ ನಂಬಿಕೆಯೂ ಇದೆ. ತಂದೆತಾಯಿಗಳು ಒಂದು ವಿಷಯ ತಿಳಿದಿರಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಅದರ ಹೊಣೆ ಪೋಷಕರ ಅಥವಾ ವಾಹನದ ಮಾಲೀಕರ ಮೇಲೆ ಬೀಳುತ್ತದೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ, ಒಂದು ವರ್ಷ ವಾಹನದ ನೋಂದಣಿ ರದ್ದು. ಆ ಸ್ಟಿಕ್ಕರು ಇದರಿಂದ ಯಾರನ್ನೂ ಉಳಿಸುವುದಿಲ್ಲ. ಅಷ್ಟೇ ಅಲ್ಲ, ಸೈನಿಕನಲ್ಲದವನು ಜನ ತನ್ನನ್ನು ಸೈನಿಕನೆಂದು ನಂಬಲಿ ಎಂದು ಅವರ ಉಡುಪನ್ನೋ ಗುರುತನ್ನೋ ಧರಿಸುವುದು ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೇ, ಅದರ 140ನೇ ಕಲಮಿನಲ್ಲೇ, ಅಪರಾಧವಾಗಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದುಕೊಂಡಿದೆ.

ಗಾಡಿಯ ಮೇಲೆ ಅಧಿಕಾರ ಮೆರೆಸುವ ಚಾಳಿ ಹುಡುಗರದ್ದೊಂದೇ ಅಲ್ಲ, ಅದನ್ನೂ ಹೇಳಿಬಿಡಬೇಕು. ಮಂತ್ರಿಗಳ ಕಾರಿನ ಮೇಲಿನ ಕೆಂಪು ದೀಪ ಇಳಿಯಲು 2017ರ ಮೇ 1ರವರೆಗೆ ಕಾಯಬೇಕಾಯಿತು. ರಾಷ್ಟ್ರಪತಿ, ರಾಜ್ಯಪಾಲರಂಥವರ ಕಾರುಗಳಲ್ಲಿ ನಂಬರಿನ ಬದಲು ಸಿಂಹಮುದ್ರೆಯೊಂದೇ ಇರುತ್ತಿತ್ತು. ಅವೂ ನೋಂದಣಿಯಾಗಿ ನಂಬರು ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಕಾರಿನ ಮುಂದೆ ರಾಷ್ಟ್ರಧ್ವಜ ಹಾರಿಸುವ ಹಕ್ಕು ಇಂದಿಗೂ ಕೆಲವೇ ಪದವಿಯವರಿಗೆ ಮಾತ್ರ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧಕ್ಕೆ ಸೊಪ್ಪು ಹಾಕದೆ ಬಾವುಟ ಹಾರಿಸಿದ ಜನರ ಮೊಮ್ಮಕ್ಕಳು ನಾವು. ಅದೇ ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ಈಗ ಸ್ಕೂಟರಿಗೆ ಸಣ್ಣ ಬಾವುಟ ಸಿಕ್ಕಿಸಿಕೊಂಡು ಹುಡುಗರು ಹೋಗುವುದನ್ನು ನೋಡಿದಾಗ ಬೈಯಬೇಕೋ ಸುಮ್ಮನಿರಬೇಕೋ ತಿಳಿಯುವುದಿಲ್ಲ.

ಸೆರೆಯಿಂದ ಬಂದವರು

ಯುದ್ಧಕೈದಿಗಳ ವಿಷಯಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ಮಾತು ಹೊಸದಲ್ಲ. ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋದವರೆಲ್ಲ ಕೋಟೆಯ ಬದಿಯ ನೆಲಮಾಳಿಗೆಯನ್ನು ನೋಡಿಯೇ ಇರುತ್ತೀರಿ. 'ಕರ್ನಲ್ ಬೈಲಿ ಬಂದೀಖಾನೆ' ಎಂಬ ಹಲಗೆಯಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬ್ರಿಟಿಷ್ ಪಡೆಯನ್ನು ಧೂಳೀಪಟ ಮಾಡಿತು. ಆ ಪಡೆಯ ನಾಯಕ ವಿಲಿಯಂ ಬೈಲಿ ಸೆರೆ ಸಿಕ್ಕಿ, 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಅವನ ಜೊತೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬನಿದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆ ಎಂದು ತಿಳಿದಾಗ ಅವನ ತಾಯಿ, ತನ್ನ ಮಗನ ಜೊತೆ ಬಿಗಿಸಿಕೊಂಡವನ ಪಾಡು ನೆನೆದರೆ ಅಯ್ಯೋ ಎನಿಸುತ್ತದೆ ಎಂದಳಂತೆ. ಅಷ್ಟು ತಂಟೆಕೋರ ಮಗ! ಮಂಗಳೂರು ಒಪ್ಪಂದವಾದ 1784ರಲ್ಲಿ ಅವನಿಗೆ ಬಿಡುಗಡೆಯಾಯಿತು.

ಹದಿನೈದು ವರ್ಷದ ನಂತರ ಅವನೇ ತಿರುಗಿ ಬಂದ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪುವಿಗೂ ಕಾಳಗವಾಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಮೇಲೆ ಲಗ್ಗೆ ಹಾಕಿದ ದಂಡಿನ ಮುಂದಾಳು ಇದೇ ಬೇರ್ಡ್. ಅವನು ಆ ಊರಿನಲ್ಲಿ ಸರಪಳಿ ಹೊತ್ತು ಕಳೆದ ವರ್ಷಗಳನ್ನು ಬ್ರಿಟಿಷರು ಹೊಗಳಿ ಬರೆದುಕೊಂಡರು. ಅದೇ ಕಾಳಗಗಳಲ್ಲಿ ಬ್ರಿಟಿಷರ ಕೈಗೆ ಸಿಕ್ಕ ನಮ್ಮ ಊರುಗಳ ಸಿಪಾಯಿಗಳ ಹೆಸರು ಬರೆದ ಹಲಗೆ ಮಳವಳ್ಳಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೈದಿಗಳನ್ನು ಹೀಗೇ ನಡೆಸಿಕೊಳ್ಳಬೇಕು ಎಂಬ ಜಾಗತಿಕ ಕಟ್ಟಳೆ ಆಗ ಇರಲಿಲ್ಲ. ಈಗ ಇದೆ. 1949ರ ಮೂರನೆಯ ಜಿನೀವಾ ಒಪ್ಪಂದದ ಪ್ರಕಾರ ಸೆರೆಸಿಕ್ಕ ಸೈನಿಕ ತನ್ನ ಹೆಸರು, ಹುದ್ದೆ, ಜನ್ಮದಿನ, ಸೇನಾ ಸಂಖ್ಯೆ ಇಷ್ಟನ್ನು ಹೇಳಿದರೆ ಸಾಕು. ಹಿಂಸಿಸುವಂತಿಲ್ಲ, ಅವಮಾನಿಸುವಂತಿಲ್ಲ, ಯುದ್ಧ ನಿಂತ ಮೇಲೆ ತಡಮಾಡದೆ ಬಿಡಬೇಕು. ಬರೆದದ್ದೆಲ್ಲ ನಡೆಯುತ್ತದೆ ಎಂದಲ್ಲ. 1971ರ ಯುದ್ಧದಲ್ಲಿ ಸುಮಾರು 93,000 ಮಂದಿ ಪಾಕಿಸ್ತಾನದ ಕಡೆಯವರು ನಮ್ಮ ಕೈಗೆ ಸಿಕ್ಕು, ಎಲ್ಲರೂ ಹಿಂದಿರುಗುವ ಹೊತ್ತಿಗೆ 1974 ಬಂದಿತ್ತು. ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಭಾರತ ನಂಬಿದ್ದ 54 ಮಂದಿ ನಮ್ಮವರು ಹಿಂದಿರುಗಲೇ ಇಲ್ಲ. ಅವರ ಮನೆಯವರು ದಶಕಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು.

ನಮ್ಮ ಮಾವ ಆ 93,000 ಮಂದಿಯಲ್ಲಿ ಕೆಲವರನ್ನು ನೋಡಿದ್ದಾರೆ. ಯುದ್ಧ ಮುಗಿದ ಮೇಲೆ ಉತ್ತರದ ಒಂದು ಊರಿನಲ್ಲಿ ಕೈದಿಗಳ ಶಿಬಿರಕ್ಕೆ ಹಿಟ್ಟು, ಬೇಳೆ ಸಾಗಿಸುವ ಕೆಲಸ ಅವರಿಗಿತ್ತು. "ಮುಳ್ಳುತಂತಿ ಆಚೆ ನಿಂತ್ಕಂಡು ದಿನಾ ಒಬ್ಬ ನನ್ನ ಲಾರಿ ಎಣಿಸೋನು. ಅವನೂ ಡ್ರೈವರ್ರೇ ಅಂತೆ. ಇಂಜಿನ್ ಸದ್ದು ಕೇಳೇ ಕ್ಲಚ್ ಹೋಗದೆ ಅಂದ. ನೋಡ್ತೀನಿ, ಹೌದು, ಹೋಗಿತ್ತು" ಎಂದು ನಗುತ್ತಾರೆ. ಅವರ ಯುದ್ಧದ ಕಥೆಗಳಲ್ಲಿ ಮನೆಯವರಿಗೆ ಗೊತ್ತಿರುವುದು ಇದೊಂದೇ. ಉಳಿದದ್ದನ್ನು ಅವರು ಹೇಳಿಲ್ಲ.

ಕರ್ನಾಟಕದ ಯುದ್ಧಕೈದಿ ಎಂದರೆ ಮೊದಲು ನೆನಪಾಗುವುದು ಕೊಡಗಿನ ಕೆ.ಸಿ. ಕಾರ್ಯಪ್ಪ. ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿ 1953ರಲ್ಲಿ ನಿವೃತ್ತರಾದ ಅಪ್ಪ ಮಡಿಕೇರಿಯಲ್ಲಿದ್ದರು. ಮಗ ವಾಯುಪಡೆಯಲ್ಲಿ ಹಂಟರ್ ವಿಮಾನದ ಪೈಲಟ್. 1965ರ ಸೆಪ್ಟೆಂಬರ್ 22, ಕದನವಿರಾಮಕ್ಕೆ ಕೆಲವೇ ಗಂಟೆಗಳಿದ್ದಾಗ ನೆಲದಿಂದ ಹಾರಿದ ಗುಂಡುಗಳು ಅವರ ವಿಮಾನಕ್ಕೆ ತಾಗಿದವು. ಹೊರಕ್ಕೆ ಹಾರಿದರು, ಬೆನ್ನಿಗೆ ಪೆಟ್ಟಾಯಿತು, ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸೆರೆಯಲ್ಲಿರುವುದು ಹಳೆಯ ಸಾಹೇಬರ ಮಗ ಎಂದು ತಿಳಿದು, ಬೇಕಾದರೆ ಬಿಡುಗಡೆ ಮಾಡುತ್ತೇನೆ ಎಂದು ಹೇಳಿ ಕಳಿಸಿದರು. ಅಪ್ಪ ಒಪ್ಪಲಿಲ್ಲ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷವೇನೂ ಬೇಡ ಎಂಬರ್ಥದ ಉತ್ತರ ಹೋಯಿತು. ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ, ಉಳಿದವರ ಜೊತೆಗೇ ಮಗ ಮರಳಿದರು. ಮುಂದೆ ಏರ್ ಮಾರ್ಷಲ್ ಆದರು. ಅಪ್ಪನಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು.

ಈ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಅಪ್ಪನ ದೊಡ್ಡತನದ ಕಥೆಯಾಗಿ ಕೇಳಿದ್ದೇವೆ. ಬೆನ್ನುಮೂಳೆ ನೋಯುತ್ತ ಪರದೇಶದ ಕೋಣೆಯಲ್ಲಿ ಮಲಗಿದ್ದ ಇಪ್ಪತ್ತೇಳರ ಯುವಕನ ಕಡೆಯಿಂದ ಯಾರೂ ಹೇಳಿದ್ದಿಲ್ಲ. ಈಗಿನ ಮಕ್ಕಳಿಗೆ 1999ರ ಕಾರ್ಗಿಲ್ ಸಮಯದ ನಚಿಕೇತ, 2019ರ ಅಭಿನಂದನ್ ವರ್ಧಮಾನ್ ಗೊತ್ತು. ಟಿವಿಯಲ್ಲಿ ನೋಡಿದ್ದಾರೆ. ಆದರೆ ಕೊಡಗಿನ ಕೆಎ-12ರ ಗಾಡಿಯೊಂದು ನಮ್ಮ ಹೆದ್ದಾರಿಯಲ್ಲಿ ಪಕ್ಕದಲ್ಲೇ ಹಾದುಹೋದರೂ ಒಳಗೆ ಕೂತ ಹಿರಿಯರು ಎಲ್ಲಿದ್ದು ಬಂದವರು ಎಂದು ಫಲಕ ಹೇಳುವುದಿಲ್ಲ.

ಗುರುತು ಇರುವುದು ಎಲ್ಲಿ?

ಹಾಗಾದರೆ ನಮ್ಮ ದೇಶ ಸೈನಿಕನನ್ನು ರಸ್ತೆಯಲ್ಲಿ ಗುರುತಿಸುವುದೇ ಇಲ್ಲವೆ? ಗುರುತಿಸುತ್ತದೆ, ಆದರೆ ಗಾಡಿಯನ್ನಲ್ಲ, ಮನುಷ್ಯನನ್ನು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಉದ್ಘಾಟಿಸಿದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಟೋಲ್ ಕೇಂದ್ರವಿದೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರು ಇಂಥ ರಾಷ್ಟ್ರೀಯ ಹೆದ್ದಾರಿ ಟೋಲುಗಳಲ್ಲಿ ಹಣ ಕೊಡಬೇಕಿಲ್ಲ ಎಂದು 2008ರ ನಿಯಮಗಳು ಹೇಳುತ್ತವೆ. ತೋರಿಸಬೇಕಾದದ್ದು ದೃಢೀಕರಿಸಿದ ಭಾವಚಿತ್ರವಿರುವ ಗುರುತಿನ ಚೀಟಿ. ಕರ್ತವ್ಯದ ಮೇಲಿರುವ ಸೈನಿಕರಿಗೆ 1901ರಷ್ಟು ಹಿಂದಿನ ಟೋಲ್ ಕಾಯಿದೆಯ ವಿನಾಯಿತಿ ಇನ್ನೂ ಇದೆ. ನಿವೃತ್ತರಿಗೆ ಇಲ್ಲ. 'ಮಾಜಿ ಸೈನಿಕ' ಎಂದು ಬರೆಸಿಕೊಂಡು ಟೋಲಿನಲ್ಲಿ ಜಗಳ ಕಾಯುವವರನ್ನು ಕಂಡಾಗ ಮಾವನಂಥವರಿಗೆ ನಾಚಿಕೆಯಾಗುತ್ತದೆ.

2021ರ ಸೆಪ್ಟೆಂಬರಿನಿಂದ ಬಂದ 'ಬಿಎಚ್' ಸರಣಿಯ ಫಲಕವನ್ನು ಕೆಲವರು ಸೈನಿಕರ ಫಲಕ ಎಂದು ತಿಳಿದಿದ್ದಾರೆ. ಅದು ಅರ್ಧ ಸತ್ಯ. ರಕ್ಷಣಾ ಸಿಬ್ಬಂದಿಗೆ ಅದು ಸಿಗುತ್ತದೆ, ನಿಜ. ಆದರೆ ಕೇಂದ್ರ, ರಾಜ್ಯ ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಯವರಿಗೂ ಸಿಗುತ್ತದೆ. ವರ್ಗವಾದ ಊರಿಗೆಲ್ಲ ಮತ್ತೆ ನೋಂದಣಿ ಮಾಡಿಸುವ ಕಾಟ ತಪ್ಪಲಿ ಎಂದು ಮಾಡಿದ್ದು. ಗೌರವಕ್ಕಲ್ಲ, ಅನುಕೂಲಕ್ಕೆ.

ಅಮೆರಿಕದ ಪದ್ಧತಿ ಇಲ್ಲಿಗೂ ಬೇಕು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನನಗೆ ಎರಡು ಅಳುಕು. ಒಂದು, ನಕಲಿ. ಹತ್ತು ನಿಮಿಷದಲ್ಲಿ ಬಾಣ ಕತ್ತರಿಸಿ ಕೊಡುವ ಊರಿನಲ್ಲಿ ಯೋಧರ ಫಲಕ ಎಷ್ಟು ದಿನ ಯೋಧರದ್ದಾಗಿ ಉಳಿದೀತು? ಇನ್ನೊಂದು, ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕ. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮಡಿದಾಗ ಇಡೀ ಜಿಲ್ಲೆ ಅತ್ತಿತು. ಪಾರ್ಥಿವ ಶರೀರ ಊರಿಗೆ ಬಂದ ದಿನ ದಾರಿಯುದ್ದಕ್ಕೂ ನಿಂತಿದ್ದ ಜನರಲ್ಲಿ ಯಾರೂ ಆತ ಸೇನೆಯವನೋ ಸಿಆರ್‌ಪಿಎಫ್‌ನವನೋ ಎಂದು ಕೇಳಲಿಲ್ಲ. ಕಡತ ಮಾತ್ರ ಕೇಳುತ್ತದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳಿಂದ ನಿವೃತ್ತರಾದವರು ಸರ್ಕಾರದ ವ್ಯಾಖ್ಯೆಯಲ್ಲಿ 'ಮಾಜಿ ಸೈನಿಕ'ರಲ್ಲ. 2012ರಿಂದ ಅವರಿಗೆ 'ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ' ಎಂಬ ಬೇರೆ ಹೆಸರಿದೆ. ಫಲಕ ಬಂದರೆ ಈ ಗೆರೆ ರಸ್ತೆಗೂ ಬರುತ್ತದೆ.

ವಿದ್ಯಾರ್ಥಿಗಳಿಗೆ ನಿಜವಾಗಿ ಉಪಯೋಗವಾಗುವುದು ಸ್ಟಿಕ್ಕರಲ್ಲ, ಕಾಗದ. ತಂದೆ ಅಥವಾ ತಾಯಿ ಮಾಜಿ ಸೈನಿಕರಾಗಿದ್ದರೆ ಅವರ ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ, ಗುರುತಿನ ಚೀಟಿ ಎಲ್ಲಿವೆ ಎಂದು ಇವತ್ತೇ ನೋಡಿಡಿ. ಅಧಿಕಾರಿಗಿಂತ ಕೆಳಗಿನ ಹುದ್ದೆಗಳಿಂದ ನಿವೃತ್ತರಾದವರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 5,500 ಮಂದಿಗೆ, 2019ರಲ್ಲಿ ಏರಿಸಿದ ದರದಂತೆ ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500 ರೂಪಾಯಿ. ವೃತ್ತಿಶಿಕ್ಷಣದ ಮೊದಲ ವರ್ಷಕ್ಕೆ ಸೇರಿದವರು, ಪಿಯುಸಿಯಂಥ ಅರ್ಹತಾ ಪರೀಕ್ಷೆಯಲ್ಲಿ ಶೇಕಡಾ 60 ತೆಗೆದವರು ಅರ್ಜಿ ಹಾಕಬಹುದು. ರಾಜ್ಯದ ಸಿಇಟಿಯಲ್ಲೂ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗವಿದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಿ, ಪರಿಶೀಲನೆಯ ದಿನ ಮೂಲ ಪತ್ರಗಳನ್ನು ಒಯ್ಯಬೇಕು. ಮರೆತರೆ ಆಮೇಲೆ ಅತ್ತು ಪ್ರಯೋಜನವಿಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಇದನ್ನೆಲ್ಲ ವಿಚಾರಿಸಬಹುದು.

ನಮ್ಮ ಹುಡುಗನೂ ಉತ್ಸಾಹದಿಂದ ಇದನ್ನೆಲ್ಲ ಬರೆದುಕೊಂಡ. ಕೊನೆಗೆ ನಾನೇ ಹೇಳಬೇಕಾಯಿತು: ಇವೆಲ್ಲ ಮಕ್ಕಳಿಗೆ, ಮೊಮ್ಮಕ್ಕಳಿಗಲ್ಲ. ಅವನ ಅಪ್ಪ ಓದುವ ಕಾಲಕ್ಕೆ ಯಾರಿಗೂ ಇದು ಗೊತ್ತಿರಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಕಬ್ಬಿನ ಗದ್ದೆಗೆ ಇಳಿದಿದ್ದರು. ಹುಡುಗ ಪೆನ್ನಿನ ಮುಚ್ಚಳ ಹಾಕಿದ. "ಅಂಗಾರೆ ತಾತಂದು ಅಂತ ನಂಗೆ ಸಿಕ್ಕಾದೇನು?" ಎಂದ.

ಸ್ಕೂಟರು ಕೊಳ್ಳುವಾಗ ಅವನಿಗೆ ಇನ್ನೊಂದು ಆಸೆಯಿತ್ತಂತೆ. ತಾತನ ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೇ ಗಾಡಿಯ ನಂಬರಾಗಿ ತೆಗೆದುಕೊಳ್ಳುವುದು. ಶುಲ್ಕ ಕಟ್ಟಿದರೆ ಬೇಕಾದ ನಂಬರು ಕೇಳಲು ಅವಕಾಶವಿದೆ, ಅದರಲ್ಲಿ ಕಾನೂನಿನ ತಕರಾರೇನೂ ಇಲ್ಲ. ನನಗೆ ಅದು ಒಳ್ಳೆಯ ಯೋಚನೆಯೇ ಅನಿಸಿತು. ಮಾವ ಒಪ್ಪಿರಲಿಲ್ಲ. "ಆ ದುಡ್ಡಿಗೆ ಹಸೀಗೆ ಬೂಸ ಬತ್ತದೆ, ಸುಮ್ಕಿರು" ಎಂದಿದ್ದರು. ಸರದಿಯಲ್ಲಿ ಬಂದ ನಂಬರೇ ಬಂತು.

ಹೊಸ ಎಚ್‌ಎಸ್‌ಆರ್‌ಪಿ ಹಾಕಿಸಿಕೊಂಡು ಬಂದ ದಿನ ನಾನೂ ಅಲ್ಲಿದ್ದೆ. ಮಾವ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಲು ಹೇಳಿದರು. ಕಪ್ಪು ಬಣ್ಣದ, ಅಲ್ಲಲ್ಲಿ ತುಕ್ಕು ತಿಂದ ಮಿಲಿಟರಿ ಟ್ರಂಕು. ಒಳಗೆ ಹಳೆ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಅತ್ತೆಯ ಒಂದು ರೇಷ್ಮೆ ಸೀರೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ, ಹುದ್ದೆ, ಹೆಸರು. ಬಣ್ಣ ಮಾಸಿ ಒಂದೆರಡು ಅಂಕಿ ಅಳಿಸಿಹೋಗಿದ್ದವು. "ನಿನ್ ಬರವಣಿಗೆ ಚೆಂದಾಗದೆ ಅಲ್ವ, ಇದ್ನ ತಿದ್ದು" ಎಂದು ಹುಡುಗನ ಮುಂದೆ ತಳ್ಳಿದರು. ಅವನು ಬಣ್ಣದ ಡಬ್ಬಿ ತರಲು ಮಳವಳ್ಳಿಗೆ ಹೊರಟ. ಹೆಲ್ಮೆಟ್ ಮರೆತಿದ್ದ. ತಾತ ಕೂಗಿ ಕರೆದು ಕೊಟ್ಟರು.